ಗರ್ಭ ತೆಗೆಸಲು ಹೋದರೆ ಮಕ್ಕಳಾಗದ ಆಪರೇಷನ್ನಿಗೂ ಸಹಿ ಹಾಕು ಅಂತಾರೆ, ಇದು ಯಾವ ಕಾನೂನು?

ಕಪನೂರಿನ ಲೆಕ್ಕದಾಕೆ (ಕಲಬುರಗಿ):

ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ನನಗೆ 33 ವರ್ಷ. ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಾಲ್ಕನೇ ಕ್ಲಾಸು, ಸಣ್ಣವಳು ಒಂದನೇ ಕ್ಲಾಸು. ಮೂರನೆಯದು ಬೇಡ ಅಂತ ನಾನೂ ನಮ್ಮ ಮನೆಯವರೂ ಎಂದೋ ಮಾತಾಡಿಕೊಂಡಿದ್ದೇವೆ. ಅತ್ತೆಯವರಿಗೆ ಮಾತ್ರ ಇನ್ನೂ ಆಸೆ ಇದೆ. ಏನಾಸೆ ಅಂತ ಬಿಡಿಸಿ ಹೇಳಬೇಕಿಲ್ಲ.

ಜನವರಿಯಲ್ಲಿ ಮುಟ್ಟು ನಿಂತಿತು. ನಿರೋಧ್ ಬಳಸುತ್ತಿದ್ದೆವು, ಆದರೂ ಹೀಗಾಯಿತು. ತೊಗರಿ ಸೀಸನ್ನು ಬೇರೆ. ಮಿಲ್ಲಿನ ಮುಂದೆ ಲಾರಿಗಳ ಸಾಲು, ತೂಕದ ಚೀಟಿ ಬರೆದೂ ಬರೆದೂ ಕೈ ಬಿದ್ದುಹೋಗಿತ್ತು. ದಣಿವಿಗೆ ತಡವಾಗಿರಬೇಕು ಅಂತ ಎಂಟು ದಿನ ಸುಮ್ಮನಿದ್ದೆ. ಆಮೇಲೆ ಕಿಟ್ ತಂದು ನೋಡಿದೆ, ಎರಡು ಗೆರೆ.

ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಯಾವುದು ಅಂತ ಕೇಳಬೇಡಿ. ನಾಳೆ ಮಕ್ಕಳಿಗೆ ಜ್ವರ ಬಂದರೆ ಅಲ್ಲಿಗೇ ಹೋಗಬೇಕು.

ಸ್ಕ್ಯಾನಿಂಗಿನಲ್ಲಿ ಏಳು ವಾರ ಅಂತ ಬಂತು. ಟೇಬಲ್ಲಿನ ಹಿಂದೆ ಕೂತಿದ್ದ ಸಿಸ್ಟರ್ ಎಷ್ಟು ಮಕ್ಕಳು ಅಂದರು. ಎರಡು ಅಂದೆ. ಗಂಡು ಎಷ್ಟು ಅಂದರು. ಎರಡೂ ಹೆಣ್ಣು ಅಂದೆ. ಪೆನ್ನು ನಿಂತಿತು. ಕನ್ನಡಕದ ಮೇಲಿಂದ ನೋಡಿ, "ಎಲ್ಲಿ ನೋಡಿಸ್ಕೊಂಡ್ ಬಂದಿ ಖರೇ ಹೇಳು" ಅಂದರು. ಏಳು ವಾರಕ್ಕೆ ಏನು ನೋಡಿಸೋದು? ಕಾಳಿನಷ್ಟು ಇರುತ್ತೆ ಅದು. ಆದರೂ ಕಳ್ಳಿಯ ಹಾಗೆ ನನ್ನ ಮುಖ ಕೆಂಪಾಯಿತು.

ಆಮೇಲೆ ಅವರು ಡ್ರಾಯರಿನಿಂದ ಎರಡು ಫಾರಂ ತೆಗೆದರು. ಮೇಲಿನದು ಗರ್ಭ ತೆಗೆಯಲು ಒಪ್ಪಿಗೆ. ಕೆಳಗಿನದು ಮಕ್ಕಳಾಗದ ಆಪರೇಷನ್ನಿಗೆ ಒಪ್ಪಿಗೆ. ಎರಡಕ್ಕೂ ಸೇರಿಸಿ ಒಂದೇ ಗುಂಡುಪಿನ್ನು. "ಎರಡಕ್ಕೂ ಸಹಿ ಮಾಡು, ಗಂಡಂದೂ ಹಾಕ್ಸು. ಇಲ್ಲಾಂದ್ರ ಮತ್ತ ಆರ್ ತಿಂಗಳಿಗಿ ಹಿಂಗೇ ಬಂದು ಕುಂದರ್ತಿ." ಆಪರೇಷನ್ ಬೇಡ, ಇದೊಂದೇ ಸಾಕು ಅಂದೆ. "ಹಂಗಂದ್ರ ನಮ್ಮಲ್ಲಿ ಆಗಂಗಿಲ್ಲವ್ವ" ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಅದು ಇನ್ನೂ ಕೆಟ್ಟದ್ದು. ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಹೇಳ್ತಾನಲ್ಲ, ಹಾಗೆ.

ನನ್ನ ಪಕ್ಕದಲ್ಲಿ ಅಫಜಲಪುರ ಕಡೆಯ ಒಬ್ಬಾಕೆ ಇದ್ದಳು. 24 ಇರಬೇಕು, ಕಂಕುಳಲ್ಲಿ ಕೂಸು. ಅವಳಿಗೂ ಅದೇ ಎರಡು ಫಾರಂ. ಅವಳು ಏನೂ ಕೇಳಲಿಲ್ಲ, ಕೈ ಚಾಚಿದಳು. ಸಿಸ್ಟರ್ ಅವಳ ಹೆಬ್ಬೆಟ್ಟನ್ನು ನೀಲಿ ಮಸಿಗೆ ಒತ್ತಿ, ಮೇಲಿನ ಹಾಳೆ ಮೇಲೊಂದು, ಅದನ್ನು ಎತ್ತಿ ಕೆಳಗಿನದರ ಮೇಲೊಂದು ಒತ್ತಿದರು. ಕೂಸು ಮಸಿ ಹಿಡಿಯಲು ಹೋಯಿತು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅಷ್ಟೇ, ಮುಗಿಯಿತು.

ನಾನು ಪಿನ್ನು ಕಿತ್ತು ಕೆಳಗಿನ ಹಾಳೆ ವಾಪಸ್ ಕೊಟ್ಟೆ. ಅವರು ಎರಡನ್ನೂ ಡ್ರಾಯರಿಗೆ ಹಾಕಿದರು.

ಕೊನೆಗೆ ಖಾಸಗಿಯಲ್ಲಿ ಒಬ್ಬ ಮೇಡಂ ಮಾತ್ರೆ ಕೊಟ್ಟರು. ಮೊದಲು ಒಂದು, ಎರಡು ದಿನ ಬಿಟ್ಟು ಮತ್ತೊಂದು ತರಹದ್ದು. ನಾಲ್ಕೂವರೆ ಸಾವಿರ ಖರ್ಚು, ಮಿಲ್ಲಿಗೆ ಮೂರು ದಿನ ರಜೆ. ಹೊಟ್ಟೆ ಕೆಟ್ಟಿದೆ ಅಂತ ಅತ್ತೆಗೆ ಹೇಳಿದೆ. ಮಜ್ಜಿಗೆ ಅನ್ನ ಮಾಡಿಕೊಟ್ಟರು ಪಾಪ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಕಾಕಾನ ಮಗಳು ಅಮೆರಿಕದ ಟೆಕ್ಸಸ್‌ನಲ್ಲಿದ್ದಾಳೆ. 29 ವರ್ಷ, ಒಂದೇ ಮಗು. ಹೋದ ವರ್ಷ ಅವಳು ಮಕ್ಕಳಾಗದ ಹಾಗೆ ಗರ್ಭನಾಳದ ಟ್ಯೂಬನ್ನೇ ತೆಗೆಸಿಕೊಂಡಳು. ಕಟ್ಟಿಸಿಕೊಂಡಿದ್ದಲ್ಲ, ಪೂರ್ತಿ ತೆಗೆಸಿದ್ದು. ನಾನು ಬೈದೆ. ಇಷ್ಟು ಸಣ್ಣ ವಯಸ್ಸಿಗೆ ಯಾಕೆ ಅಂದೆ. ಅವಳು ಹೇಳಿದ್ದು ಇದು: "ಅಕ್ಕಾ, ಇಲ್ಲಿ ಒಂದ್ಸಲ ನಿಂತರೆ ತೆಗೆಯೋ ಹಾಗೇ ಇಲ್ಲ. ತಾನಾಗಿ ಹೋಗುತ್ತಿದ್ದರೂ ಕೈ ಹಚ್ಚೋಕೆ ಡಾಕ್ಟರು ಹೆದರ್ತಾರೆ. ನಿಮಗೆ ಕಾನೂನಾದರೂ ಇದೆ."

ಅವಳಿಗೆ ಕಾನೂನಿಲ್ಲ, ಅದಕ್ಕೆ ಆಪರೇಷನ್. ನನಗೆ ಕಾನೂನಿದೆ, ಆದರೂ ಆಪರೇಷನ್ ಮಾಡಿಸಿಕೊಂಡರೆ ಮಾತ್ರ ಅದು ಸಿಗುತ್ತೆ. ಇದೆಂಥ ಲೆಕ್ಕ ಅಂತ ಅವತ್ತಿನಿಂದ ತಲೆ ಕೆಡಿಸಿಕೊಂಡಿದ್ದೇನೆ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ನನಗೆ ಮಕ್ಕಳು ಬೇಡವೇ ಬೇಡ. ಆಪರೇಷನ್ನಿಗೆ ವಿರೋಧವೂ ಇಲ್ಲ. ನಮ್ಮವ್ವ ಮಾಡಿಸಿಕೊಂಡಿದ್ದಾಳೆ, ನಮ್ಮ ಓಣಿಯ ಅರ್ಧ ಹೆಂಗಸರು ಮಾಡಿಸಿಕೊಂಡಿದ್ದಾರೆ. ಬಹುಶಃ ನಾನೂ ಒಂದು ದಿನ ಮಾಡಿಸಿಕೊಳ್ಳುತ್ತಿದ್ದೆ. ಆದರೆ ಆ ಟೇಬಲ್ಲಿನ ಮುಂದೆ ಸಹಿ ಹಾಕಲು ಕೈ ಬರಲಿಲ್ಲ. ಈಗ ಮತ್ತೆ ಹಾಗಾದರೆ, ಮತ್ತೆ ಅದೇ ಟೇಬಲ್ಲಿಗೆ ಹೋಗಬೇಕಾದರೆ ಅಂತ ಹೆದರಿಕೆ. ಆ ಹೆದರಿಕೆಗೇ ಸುಮ್ನೆ ಮಾಡಿಸಿಬಿಡೋಣ ಅನಿಸುತ್ತೆ. ಹಾಗೆ ಮಾಡಿಸಿದರೆ ಅದು ನನ್ನ ತೀರ್ಮಾನ ಆಗುತ್ತಾ?

ಕೇಳಬೇಕಿರೋದು: ಎರಡು ಫಾರಂ ಒಟ್ಟಿಗೆ ಹಾಕಬೇಕು ಅಂತ ನಿಯಮ ಇದೆಯಾ? ಗಂಡನ ಸಹಿ ಬೇಕಾ? ಯಾರಿಗಾದರೂ ಹೀಗಾಗಿದ್ದರೆ ಏನು ಮಾಡಿದಿರಿ?

ನಿವೃತ್ತ ಸಿಸ್ಟರ್ (ಸುರಪುರ):

ತಂಗಿ, ನಾನು ಯಾದಗಿರಿ ಜಿಲ್ಲೆಯಲ್ಲಿ 31 ವರ್ಷ ಎಎನ್‌ಎಂ, ಅಂದರೆ ಹಳ್ಳಿಯ ಸರ್ಕಾರಿ ನರ್ಸಮ್ಮ, ಆಗಿದ್ದೆ. ಆ ಟೇಬಲ್ಲಿನ ಹಿಂದೆ ನಾನೂ ಕೂತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಯಮ ಇಲ್ಲ. ಗರ್ಭ ತೆಗೆಸಲು ಬಂದವಳು ಯಾವುದಾದರೂ ಸಾಧನ ಒಪ್ಪಿಕೊಂಡರೆ ಮಾತ್ರ ತೆಗೆಯುತ್ತೇವೆ ಅನ್ನುವ ಹಾಗಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಹಾಗಿದೆ. ತಿಳಿಸಿ ಹೇಳಬೇಕು, ಒತ್ತಾಯ ಮಾಡಬಾರದು. ಟ್ರೇನಿಂಗಿನಲ್ಲಿ ನಮಗೆ ಇದನ್ನು ಹೇಳಿಕೊಡುತ್ತಾರೆ. ವಾಪಸ್ ಬಂದ ಮೇಲೆ ತಿಂಗಳ ಮೀಟಿಂಗಿನಲ್ಲಿ ಮಾತ್ರ ಬೇರೆ ಪ್ರಶ್ನೆ: "ನಿಮ್ಮ ಟಿಎಲ್ ಎಷ್ಟಾಯ್ತು?" ಟಿಎಲ್ ಅಂದರೆ ಹೆಂಗಸರ ಟ್ಯೂಬ್ ಕಟ್ಟುವ ಆಪರೇಷನ್. ಟಾರ್ಗೆಟ್ ಪದ್ಧತಿ 1996ರಲ್ಲೇ ತೆಗೆದರು ಅಂತಾರೆ. ಹೆಸರು ತೆಗೆದರು. ಆಮೇಲೆ ಅದಕ್ಕೆ "ಅಂದಾಜು ಗುರಿ" ಅಂತ ಹೆಸರು ಬಂತು.

ನಮ್ಮ ಕಡೆ ಆಪರೇಷನ್ ಅಂದರೆ ಚಳಿಗಾಲ. ಬೇಸಿಗೆಯಲ್ಲಿ ಗಾಯ ಕೀವಾಗುತ್ತೆ ಅಂತ ಯಾರೂ ಬರೋದಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ ಕ್ಯಾಂಪು. ನೆಲದ ಮೇಲೆ ಜಮಖಾನ ಹಾಸಿ ಸಾಲಾಗಿ ಮಲಗಿಸುತ್ತಿದ್ದೆವು. ತಲೆಗೆ ಕಿವಿ ಮುಚ್ಚುವ ಹಾಗೆ ಬಟ್ಟೆ, ಪಕ್ಕದಲ್ಲಿ ಥರ್ಮಾಸು, ಹೊರಗೆ ಬೇವಿನ ಗಿಡದ ಕೆಳಗೆ ಅತ್ತೆಯರು ಕೂಸುಗಳನ್ನು ಆಡಿಸುತ್ತಾ ಕೂತಿರುತ್ತಿದ್ದರು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಮಾಡಿ, ಹತ್ತಕ್ಕಿಂತ ಜಾಸ್ತಿ ಹೆಂಗಸರು ಸತ್ತರಲ್ಲ, ಅವತ್ತು ನಾನು ಊಟ ಮಾಡಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಕ್ಯಾಂಪು ನಿಲ್ಲಿಸಿ ಅಂತ ಹೇಳಿತು.

ಗಂಡನ ಸಹಿ ಎರಡಕ್ಕೂ ಬೇಕಿಲ್ಲ. ಆಪರೇಷನ್ನಿಗೂ ಬೇಕಿಲ್ಲ. ಮದುವೆಯಾಗಿರಬೇಕು, ವಯಸ್ಸು 22ರಿಂದ 49ರೊಳಗೆ ಇರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು, ಅಷ್ಟೇ. ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ಸಹಿ ತಗೋಬಾರದು ಅಂತಲೂ ಇದೆ. ನಾವು ಗಂಡನ ಸಹಿ ಯಾಕೆ ಕೇಳುತ್ತಿದ್ದೆವು ಅಂದರೆ, ನಾಳೆ ಅವನು ಕುಡಿದು ಬಂದು ಸಬ್‌ಸೆಂಟರಿನ ಬಾಗಿಲು ಒದೆಯಬಾರದು ಅಂತ. ನನಗೆ ಎರಡು ಸಲ ಒದ್ದಿದ್ದಾರೆ.

ಆ ಅಫಜಲಪುರದ ಹುಡುಗಿ ಬಗ್ಗೆ ಬರೆದಿದ್ದೀಯಲ್ಲ, ಅಂಥ ಎಷ್ಟು ಹೆಬ್ಬೆಟ್ಟು ನಾನು ಒತ್ತಿಸಿದ್ದೇನೋ. ಅವಳಿಗೆ ಒಳ್ಳೆಯದನ್ನೇ ಮಾಡ್ತಿದೀನಿ ಅಂತಲೇ ಅಂದುಕೊಂಡಿದ್ದೆ. ಮನೆಯಲ್ಲಿ ಆ ಹುಡುಗಿಯರ ಮಾತು ನಡೆಯೋದಿಲ್ಲ, ಇನ್ನೊಂದು ಬಸಿರು ಅಂದರೆ ರಕ್ತವೇ ಇರೋದಿಲ್ಲ ಮೈಯಲ್ಲಿ. ಇದು ಸುಳ್ಳಲ್ಲ. ಆದರೆ ಅವರನ್ನು ಕೂರಿಸಿ ಕೇಳಿದ್ದೆನಾ? ಇಲ್ಲ.

ಇನ್ನೊಂದು ನೆನಪಿಟ್ಟುಕೋ. ಆಪರೇಷನ್ ಮಾಡಿಸಿದರೂ ನೂರಕ್ಕೆ ನೂರು ಅಲ್ಲ. ಇನ್ನೂರರಲ್ಲಿ ಒಬ್ಬಳಿಗೆ ಫೇಲ್ ಆಗಬಹುದು. ಮುಟ್ಟು ತಪ್ಪಿದರೆ "ನನಗೆ ಆಪರೇಷನ್ ಆಗಿದೆ" ಅಂತ ಸುಮ್ಮನಿರಬೇಡ. ಟ್ಯೂಬಿನಲ್ಲೇ ಗರ್ಭ ನಿಂತಿರುವ ಅಪಾಯ ಆಗ ಜಾಸ್ತಿ, ತಕ್ಷಣ ತೋರಿಸಬೇಕು.

ಬೀದರ್ ಕೋರ್ಟ್ ರಸ್ತೆ:

ನಾನು ವಕೀಲ. ಸಿಸ್ಟರ್ ಅವರು ಹೇಳಿದ್ದಕ್ಕೆ ಕಾನೂನಿನ ಭಾಗ ಸೇರಿಸುತ್ತೇನೆ.

ನಮ್ಮಲ್ಲಿ ಗರ್ಭಪಾತದ ಕಾನೂನು ಬಂದದ್ದು 1971ರಲ್ಲಿ, ದೊಡ್ಡ ತಿದ್ದುಪಡಿ 2021ರಲ್ಲಿ. 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಡಾಕ್ಟರು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ವಿಧವೆಯಾದವರು, ವಿಚ್ಛೇದನವಾದವರು ಹೀಗೆ ಕೆಲವರಿಗೆ. ಅದಾದ ಮೇಲೆ ಭ್ರೂಣದಲ್ಲಿ ದೊಡ್ಡ ದೋಷ ಇದ್ದರೆ ಮೆಡಿಕಲ್ ಬೋರ್ಡು. 9 ವಾರದ ತನಕ ಮಾತ್ರೆಯಲ್ಲೇ ಆಗುತ್ತದೆ. ಒಪ್ಪಿಗೆ ಆ ಹೆಂಗಸಿನದು ಮಾತ್ರ. 18 ತುಂಬಿದ್ದರೆ ಗಂಡ, ಅತ್ತೆ, ಅಪ್ಪ ಯಾರ ಸಹಿಯೂ ಬೇಡ. ಗರ್ಭನಿರೋಧಕ ಫೇಲಾಗಿದ್ದೇ ಸಾಕಷ್ಟು ಕಾರಣ. ಅಂದರೆ ನಿಮ್ಮದು ನೇರ ಕಾನೂನಿನೊಳಗಿನ ಕೇಸು.

2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಅದೇ ಹಕ್ಕು ಅಂದಿತು. ಅದೇ ತೀರ್ಪಿನಲ್ಲಿ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು ಡಾಕ್ಟರು ಹಾಕಬಾರದು ಅಂತಲೂ ಹೇಳಿದೆ. ಮನೆಯವರ ಒಪ್ಪಿಗೆ ತಾ, ಆ ಕಾಗದ ತಾ ಅನ್ನೋದೆಲ್ಲ ಅದರಲ್ಲಿ ಬರುತ್ತದೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಇಂಥ ಷರತ್ತಿಗೆ ಯಾವ ಆದೇಶ ಇದೆ ಅಂತ ಕೇಳಿ. ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ.

ಕಪನೂರಿನ ಲೆಕ್ಕದಾಕೆ:

ಸಿಸ್ಟರ್, ನೀವು ಬರೆದದ್ದನ್ನು ಮೂರು ಸಲ ಓದಿದೆ. ಬೈಯೋಣ ಅಂದುಕೊಂಡು ಶುರು ಮಾಡಿದೆ, ಆಗಲಿಲ್ಲ.

ವಕೀಲರೇ, ನನ್ನ ಕೇಸು ಕಾನೂನಿನೊಳಗೇ ಇದ್ದರೂ ನಾಲ್ಕೂವರೆ ಸಾವಿರ ಯಾಕೆ ಖರ್ಚಾಯಿತು? ತಪ್ಪು ತಿಳಿಯಬೇಡಿ, ನಿಜವಾಗಿ ಕೇಳ್ತಿದೀನಿ. ಮಾಹಿತಿ ಹಕ್ಕಿನ ಉತ್ತರ 30 ದಿನಕ್ಕೆ ಬರುತ್ತೆ. ಹೊಟ್ಟೆಯಲ್ಲಿರೋದು 30 ದಿನ ಕಾಯುತ್ತಾ?

ಬೀದರ್ ಕೋರ್ಟ್ ರಸ್ತೆ:

ನ್ಯಾಯವಾದ ಪ್ರಶ್ನೆ. ಕಾನೂನನ್ನು ಬರೆದ ರೀತಿಯೇ ಕಾರಣ. ನಮ್ಮಲ್ಲಿ ಗರ್ಭಪಾತ ಮೂಲತಃ ಅಪರಾಧ. ಹಿಂದೆ ಐಪಿಸಿಯ 312ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ. 1971ರ ಕಾಯ್ದೆ ಅದರಿಂದ ಡಾಕ್ಟರಿಗೆ ಕೊಟ್ಟ ರಕ್ಷಣೆ. "ಹೆಂಗಸು ಕೇಳಿದರೆ ಮಾಡಬೇಕು" ಅಂತ ಅದು ಹೇಳೋದಿಲ್ಲ, "ಡಾಕ್ಟರಿಗೆ ಸರಿ ಅನಿಸಿದರೆ ಮಾಡಬಹುದು" ಅನ್ನುತ್ತದೆ. ಆ ಟೇಬಲ್ಲು ಹುಟ್ಟಿದ್ದು ಅಲ್ಲೇ. ಸರಿ ಅನಿಸಬೇಕಾದರೆ ಏನು ಮಾಡಬೇಕು ಅಂತ ಎದುರಿಗೆ ಕೂತವರು ಹೇಳುತ್ತಾರೆ, ನೀವು ಮಾಡುತ್ತೀರಿ.

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಬೇರೆ, ಇದು ಬೇರೆ. ಆದರೆ ಎರಡು ಹೆಣ್ಣಿನ ತಾಯಿ ಬಂದರೆ ಎರಡನ್ನೂ ಕಲಸಿಬಿಡುತ್ತಾರೆ. ತಪಾಸಣೆಯ ಭಯ ಅವರಿಗೆ.

ಸತ್ಯ ನುಡಿ:

ಎರಡೂ ಹೆಣ್ಣು ಅಂತ ತೆಗೆಸಿದ್ದೀರಿ. ಅದಕ್ಕೆ ಕಾನೂನು, ಅಮೆರಿಕ ಅಂತೆಲ್ಲ ಯಾಕೆ ಕಥೆ ಕಟ್ಟಬೇಕು?

ಕಪನೂರಿನ ಲೆಕ್ಕದಾಕೆ:

ಗಂಡು ಬೇಕಾಗಿದ್ದರೆ ಏಳು ವಾರಕ್ಕೆ ಯಾಕೆ ತೆಗೆಸಲಿ ಸಾರ್? ಇಟ್ಟುಕೊಂಡು ನೋಡುತ್ತಿದ್ದೆ. ಅಷ್ಟು ಸಣ್ಣದರಲ್ಲಿ ಹೆಣ್ಣು ಗಂಡು ಯಾವ ಸ್ಕ್ಯಾನಿಂಗಿನಲ್ಲೂ ಕಾಣೋದಿಲ್ಲ. ನೀವೂ ಆ ಸಿಸ್ಟರ್ ಪಕ್ಕ ಒಂದು ಕುರ್ಚಿ ಹಾಕಿಕೊಳ್ಳಿ.

ಭಾಲ್ಕಿ ಹುಡುಗಿ, ಈಗ ಓಹಾಯೊ:

ಅಕ್ಕಾ ನಮಸ್ಕಾರ. ನಿಮ್ಮ ತಂಗಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಇಲ್ಲಿ 1973ರ ತೀರ್ಪಿನಿಂದ ದೇಶಕ್ಕೆಲ್ಲ ಒಂದು ಹಕ್ಕು ಇತ್ತು. 2022ರ ಜೂನ್ 24ಕ್ಕೆ ಇಲ್ಲಿನ ಸುಪ್ರೀಂ ಕೋರ್ಟು ಅದನ್ನು ತೆಗೆದು ಹಾಕಿತು. ಈಗ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಟೆಕ್ಸಸ್‌ನಲ್ಲಿ ಅದಕ್ಕೂ ಮೊದಲೇ, 2021ರ ಸೆಪ್ಟೆಂಬರಿನಲ್ಲೇ, ಸುಮಾರು ಆರು ವಾರದ ಮೇಲೆ ಬೇಡ ಅಂತ ಬಂದಿತ್ತು. 2022ರ ಆಗಸ್ಟಿನಿಂದ ಪೂರ್ತಿ ಬಂದ್. ತಾಯಿಯ ಜೀವಕ್ಕೆ ಅಪಾಯ ಇದ್ದರೆ, ಇಲ್ಲ ದೇಹದ ಮುಖ್ಯ ಕೆಲಸಕ್ಕೇ ದೊಡ್ಡ ಪೆಟ್ಟು ಬೀಳುವ ಹಾಗಿದ್ದರೆ ಮಾತ್ರ ಬಿಡ್ತಾರೆ. ಅತ್ಯಾಚಾರವಾದರೂ ಇಲ್ಲ. ಡಾಕ್ಟರಿಗೆ ಜೀವಾವಧಿ ತನಕ ಜೈಲು, ಕನಿಷ್ಠ 1 ಲಕ್ಷ ಡಾಲರ್ ದಂಡ. ಅವರು ಹೆದರೋದು ಸಹಜ ಅಲ್ವಾ?

ನಾನಿರೋ ಓಹಾಯೊದಲ್ಲಿ 2023ರ ನವೆಂಬರಿನಲ್ಲಿ ಜನರೇ ವೋಟು ಹಾಕಿ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಆ ನಡುವಿನ ಒಂದೂವರೆ ವರ್ಷ ನನ್ನ ಗೆಳತಿಯರೆಲ್ಲ ಇದೇ ಮಾತು. ಒಬ್ಬಳು ಟ್ಯೂಬ್ ತೆಗೆಸಿದಳು, ಇಬ್ಬರು ಕಾಪರ್ ಟಿ ತರಹದ್ದು ಹಾಕಿಸಿದರು. ಒಬ್ಬಳ ಗಂಡ ವ್ಯಾಸೆಕ್ಟಮಿ, ಅಂದರೆ ಗಂಡಸರ ಆಪರೇಷನ್, ಮಾಡಿಸಿದ. ನಾನು ವಂಕಿ ಹಾಕಿಸಿದೆ. (ಕಾಪರ್ ಟಿ ತರಹದ್ದಕ್ಕೆ ನಮ್ಮಜ್ಜಿ ಇನ್ನೂ ವಂಕಿ ಅಂತಲೇ ಅನ್ನೋದು, ನನಗೂ ಅದೇ ಬಾಯಿಗೆ ಬರುತ್ತೆ.) ಸುಮ್ನೆ ಹೇಳ್ತಿಲ್ಲ, ಆಮೇಲೆ ಸಂಶೋಧಕರೂ ಲೆಕ್ಕ ಹಾಕಿ ನೋಡಿದ್ದಾರೆ. 2022ರ ತೀರ್ಪಿನ ನಂತರ 18ರಿಂದ 30ರ ವಯಸ್ಸಿನವರಲ್ಲಿ ಶಾಶ್ವತ ಆಪರೇಷನ್ ಒಮ್ಮೆಲೇ ಏರಿದೆ, ಹೆಣ್ಣುಮಕ್ಕಳಲ್ಲಿ ಗಂಡಸರಿಗಿಂತ ಜಾಸ್ತಿ.

ನಿಮ್ಮ ಪಿನ್ನಿನ ವಿಷಯ ಓದಿ ಒಂದು ನೆನಪಾಯಿತು. ನಾನಿಲ್ಲಿ ಆಸ್ಪತ್ರೆಯ ಬಿಲ್ಲಿಂಗಿನಲ್ಲಿ ಕೆಲಸ ಮಾಡ್ತೀನಿ. ಬಡವರಿಗೆ ಸರ್ಕಾರದ ದುಡ್ಡಿನಲ್ಲಿ ಈ ಆಪರೇಷನ್ ಮಾಡಬೇಕಾದರೆ ಒಂದು ಫಾರಂ ಇದೆ. 1978ರಲ್ಲಿ ಮಾಡಿದ ನಿಯಮ. 21 ವರ್ಷ ತುಂಬಿರಬೇಕು. ಸಹಿ ಹಾಕಿ 30 ದಿನ ಕಾಯಬೇಕು. ಹೆರಿಗೆ ನೋವಿನಲ್ಲಿದ್ದಾಗ ಸಹಿ ತಗೋಬಾರದು. ಗರ್ಭಪಾತಕ್ಕೆ ಅಂತ ಬಂದಾಗಲೂ ತಗೋಬಾರದು. ಆ ಸಾಲು ನಿಯಮದಲ್ಲೇ ಇದೆ. ಯಾಕೆ ಬಂತು ಅಂದರೆ, ಅದಕ್ಕೂ ಮೊದಲು ಇಲ್ಲಿ ಕಪ್ಪು ಹೆಂಗಸರಿಗೆ, ಮೂಲನಿವಾಸಿಗಳಿಗೆ, ಮೆಕ್ಸಿಕೊ ಕಡೆಯ ಬಡವರಿಗೆ ಹೇಳದೆ ಕೇಳದೆ ಮಾಡಿಬಿಡುತ್ತಿದ್ದರು. ಥೇಟ್ ನಿಮ್ಮ ಪಕ್ಕ ಕೂತಿದ್ದ ಆ ಹುಡುಗಿಯಂಥವರಿಗೆ.

ಈಗ ಅದೇ 30 ದಿನ ಇನ್ನೊಂದು ಕಡೆ ಚುಚ್ಚುತ್ತೆ. ನಿಜವಾಗಿ ಬೇಕು ಅಂತ ಬಂದ ಬಡ ಹೆಂಗಸಿಗೆ, ಹೆರಿಗೆ ಬೇಗ ಆಗಿಬಿಟ್ಟರೆ, ಫಾರಂ ತಾರೀಖು ಸರಿಹೋಗಲಿಲ್ಲ ಅಂತ ವಾಪಸ್ ಕಳಿಸ್ತಾರೆ. ಖಾಸಗಿ ವಿಮೆ ಇದ್ದವಳಿಗೆ ಆ ಕಾಯೋದು ಇಲ್ಲ. ಮಕ್ಕಳಿಲ್ಲದ 25ರ ಹುಡುಗಿ ಕೇಳಿದರೆ ಎಷ್ಟೋ ಡಾಕ್ಟರು "ಮುಂದೆ ಪಶ್ಚಾತ್ತಾಪ ಪಡ್ತೀಯ" ಅಂತ ಬುದ್ಧಿ ಹೇಳ್ತಾರೆ. ನಮ್ಮ ಭಾಲ್ಕಿಯಲ್ಲಿ 25ಕ್ಕೆ "ಇನ್ನೂ ಮಾಡಿಸಿಲ್ವಾ" ಅಂತ ಕೇಳ್ತಾರೆ.

ನಿವೃತ್ತ ಸಿಸ್ಟರ್ (ಸುರಪುರ):

ಗರ್ಭಪಾತಕ್ಕೆ ಬಂದಾಗ ತಗೋಬಾರದು ಅಂತ ನಿಯಮದಲ್ಲೇ ಬರೆದಿದ್ದಾರಾ? 1978ರಲ್ಲೇ? ಹೋಗಲಿ ಬಿಡು.

ಆಳಂದ ನಾಕಾ ಸ್ಪೇರ್ ಪಾರ್ಟ್ಸ್:

ಅಕ್ಕ, ಇಷ್ಟೆಲ್ಲ ಚರ್ಚೆಯಲ್ಲಿ ಗಂಡಸರ ಸುದ್ದಿ ಓಹಾಯೊದವರು ಮಾತ್ರ ತೆಗೆದರು. ನಾನು ಮಾಡಿಸಿಕೊಂಡವನು. ಐದು ವರ್ಷ ಆಯಿತು. ಹೆಸರು ಕೇಳಬೇಡಿ, ಅಂಗಡಿ ನಡೀಬೇಕು.

ನಮ್ಮ ಮನೆಯವರಿಗೆ ಎರಡೂ ಸಿಸೇರಿಯನ್. ಮೂರನೇ ಸಲ ಹೊಟ್ಟೆ ಕೊಯ್ಸೋದು ಯಾಕೆ ಅಂತ ನಾನೇ ಹೋದೆ. ಎನ್‌ಎಸ್‌ವಿ ಅಂತಾರೆ. ಬ್ಲೇಡೂ ಇಲ್ಲ, ಹೊಲಿಗೆಯೂ ಇಲ್ಲ. ಸಣ್ಣ ತೂತು, ಒಂದು ಪಟ್ಟಿ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ಉಂಡೆ. ಮೂರನೇ ದಿನ ಅಂಗಡಿ ತೆಗೆದೆ. ಒಂದೇ ಮಾತು: ಮಾಡಿಸಿದ ದಿನದಿಂದಲೇ ನಡೆಯಲ್ಲ ಅದು. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಸೊನ್ನೆ ಬಂದ ಮೇಲೆ ಬಿಡಬೇಕು. ಪರೀಕ್ಷೆ ಮಾಡಿಸದೆ ಬಿಟ್ಟು ಹೆಂಡತಿ ಮೇಲೆ ಅನುಮಾನ ಪಟ್ಟ ಮೂರ್ಖರು ಇದ್ದಾರೆ.

ಶಕ್ತಿ ಹೋಗುತ್ತೆ ಅಂತಾರೆ. ಎಂಜಿನ್ ಬ್ಲಾಕ್ ನಾನೇ ಎತ್ತಿಡ್ತೀನಿ ಈಗಲೂ. ನಮ್ಮಜ್ಜ ಮಾತ್ರ ಸಾಯೋ ತನಕ ಜೀಪು ಬಂದರೆ ಬೆಚ್ಚುತ್ತಿದ್ದರು. 1976ರಲ್ಲಿ, ಎಮರ್ಜೆನ್ಸಿ ಕಾಲದಲ್ಲಿ, ಗಂಡಸರನ್ನು ಹಿಡಿದು ಮಾಡಿಸುತ್ತಿದ್ದಾರೆ ಅಂತ ಸುದ್ದಿ ಬಂದು ಎರಡು ರಾತ್ರಿ ತೊಗರಿ ಹೊಲದಲ್ಲಿ ಮಲಗಿದ್ದರಂತೆ. ಆ ಭಯ ಇನ್ನೂ ಹೋಗಿಲ್ಲ. ಗಂಡಸರನ್ನು ಒತ್ತಾಯ ಮಾಡಿದ್ದಕ್ಕೆ ಒಂದು ಸರ್ಕಾರವೇ ಬಿತ್ತು, ಆಮೇಲೆ ಎಲ್ಲ ಹೆಂಗಸರ ಹೊಟ್ಟೆಗೆ ಬಂತು.

ಬೀದರ್ ಕೋರ್ಟ್ ರಸ್ತೆ:

ಅವರು ಹೇಳಿದ್ದು ಸರಿ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 37.9 ಮಂದಿ ಆಪರೇಷನ್ ಆದವರು. ಗಂಡಸರದು ಶೇ. 0.3. ಕರ್ನಾಟಕದಲ್ಲಿ ಹೆಂಗಸರದು ಅರ್ಧಕ್ಕಿಂತಲೂ ಜಾಸ್ತಿ.

ಕಪನೂರಿನ ಲೆಕ್ಕದಾಕೆ:

ಶೇ. 0.3ರಲ್ಲಿ ಒಬ್ಬರು ಇಲ್ಲೇ ಸಿಕ್ಕರಲ್ಲ!

ಸ್ಪೇರ್ ಪಾರ್ಟ್ಸ್ ಅಣ್ಣಾ, ನೀವು ಬರೆದದ್ದನ್ನು ನಮ್ಮ ಮನೆಯವರಿಗೆ ತೋರಿಸಿದೆ. ಮೊಬೈಲ್ ಕೈಗೆ ತಗೊಂಡು ಹೊರಗೆ ಕಟ್ಟೆ ಮೇಲೆ ಕೂತು ಓದಿದರು. ಬಂದು ಏನೂ ಮಾತಾಡದೆ ಊಟಕ್ಕೆ ಕೂತರು. ಅರ್ಧ ಊಟ ಆದ ಮೇಲೆ, "ಬೈಕ್ ಯಾವಾಗಿಂದ ಹೊಡೀಬಹುದಂತ ಕೇಳು" ಅಂದರು.

ಆಳಂದ ನಾಕಾ ಸ್ಪೇರ್ ಪಾರ್ಟ್ಸ್:

ಒಂದು ವಾರ ಬಿಟ್ಟು. ಸ್ಪೀಡ್ ಬ್ರೇಕರ್ ನೋಡಿಕೊಂಡು. ನಮ್ಮೂರ ರಸ್ತೆ ಗೊತ್ತಲ್ಲ.

ಕಪನೂರಿನ ಲೆಕ್ಕದಾಕೆ (18 ದಿನದ ನಂತರ):

ಏನಾಯಿತು ಅಂತ ಒಬ್ಬಿಬ್ಬರು ಕೇಳಿದ್ದೀರಿ, ಬರೆಯುತ್ತೇನೆ.

ಮನೆಯವರು ಶರಣಬಸವೇಶ್ವರರ ಜಾತ್ರೆ ಮುಗಿಯಲಿ, ತೇರು ಎಳೆದು ಬಂದು ನೋಡೋಣ ಅಂತಿದ್ದಾರೆ. ಹ್ಞೂಂ ಅಂದಿದ್ದಾರಾ ಇಲ್ಲವಾ ಅಂತ ನನಗೂ ಖಾತ್ರಿ ಇಲ್ಲ. ನಾನು ಒತ್ತಾಯ ಮಾಡಿಲ್ಲ. ಪಿನ್ನು ಹಾಕಿಸಿಕೊಂಡು ಬಂದವಳು ನಾನೇ ಅವರಿಗೆ ಪಿನ್ನು ಹಾಕಿದರೆ ಹೇಗೆ?

ಟೆಕ್ಸಸ್ ತಂಗಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ನನಗೆ ಇನ್ನೊಂದು ಬೇಕಿತ್ತೋ ಏನೋ ಅಂತ ಈಗ ಅನಿಸೋದಿಲ್ಲ. ಬೇಕಾ ಬೇಡ್ವಾ ಅಂತ ಯೋಚನೆ ಮಾಡೋಕೆ ಇನ್ನೊಂದೆರಡು ವರ್ಷ ಬೇಕಿತ್ತು ಅಂತ ಅನಿಸುತ್ತೆ" ಅಂದಳು. ಅದಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಮಗು ಏನು ಉಣ್ಣುತ್ತೆ ಅಂತ ಕೇಳಿದೆ.

ಸಿಸ್ಟರ್, ನೀವು ಆಮೇಲೆ ಮೆಸೇಜಿನಲ್ಲಿ ಹೇಳಿದ ಹಾಗೆ ಹೋದ ಮಂಗಳವಾರ ಊರ ಹೊರಗಿನ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಅಂತರಾ ಸೂಜಿ ಹಾಕಿಸಿಕೊಂಡೆ. ಅಲ್ಲಿದ್ದದ್ದು ನನಗಿಂತ ಸಣ್ಣ ಹುಡುಗಿ. ಬಿಪಿ ನೋಡಿದಳು, ಕೊನೆಯ ಮುಟ್ಟು ಯಾವತ್ತು ಅಂದಳು. ಮುಟ್ಟು ಹೆಚ್ಚುಕಮ್ಮಿ ಆಗಬಹುದು, ಹೆದರಬೇಡಿ ಅಂದಳು. ಮಕ್ಕಳು ಎಷ್ಟು ಅಂತಲೂ ಕೇಳಿದಳು, ಗಂಡು ಎಷ್ಟು ಅಂತ ಕೇಳಲಿಲ್ಲ. ಮೂರು ತಿಂಗಳಿಗೆ ಮುಂದಿನ ತಾರೀಖು ಬರೆದು ಕಾರ್ಡು ಕೊಟ್ಟಳು. ದುಡ್ಡು ಕೇಳಲಿಲ್ಲ.

ಆ ಕಾರ್ಡು ಅತ್ತೆಯವರ ಕೈಗೆ ಸಿಕ್ಕಿತು. ರೇಷನ್ ಕಾರ್ಡಿನ ಜೊತೆ ಇಟ್ಟಿದ್ದು ನನ್ನದೇ ತಪ್ಪು.

"ಇದೇನಿದು?"

"ಸೂಜಿರೀ ಅತ್ತಿ. ಮಕ್ಕಳಾಗದ ಹಾಗ."

"ಆಪರೇಷನ್ ಮಾಡಿಸ್ಕೊಂಡಿಯೇನ?"

"ಇಲ್ರೀ. ಬರೇ ಸೂಜಿ. ಮೂರು ತಿಂಗಳಿಗೊಮ್ಮಿ."

"ಬಿಟ್ಟರ ಮತ್ತ ಆಗ್ತದೇನು?"

"ಸ್ವಲ್ಪ ದಿನಾ ಹಿಡೀತದ. ಆಗ್ತದ."

ಅವರು ಕಾರ್ಡನ್ನು ಎರಡು ಕಡೆ ತಿರುಗಿಸಿ ನೋಡಿ, ಇದ್ದಲ್ಲಿಯೇ ಇಟ್ಟು, ಸಮಾಧಾನದಿಂದ ರೊಟ್ಟಿ ಬಡಿಯಲು ಹೋದರು.